ಕಾಡಿಗೆ ಮರಳಲಾಗದ ಹದ್ದುಗಳು

ಗಾಯಗೊಂಡೋ ವಿಷವೇರಿಯೋ ಮನುಷ್ಯರ ಕೈಸೇರಿ, ಚಿಕಿತ್ಸೆಯಿಂದ ಬದುಕಿದರೂ ಸ್ವಂತವಾಗಿ ಬೇಟೆಯಾಡಿ ಬಾಳುವ ಶಕ್ತಿಯನ್ನು ಮತ್ತೆ ಪಡೆಯದ ಹದ್ದುಗಳಿಗೆ ಜೀವನಪರ್ಯಂತ ಆಶ್ರಯ ಕೊಡುವ ವ್ಯವಸ್ಥೆ ಹಲವು ದೇಶಗಳ ವನ್ಯಜೀವಿ ಪುನರ್ವಸತಿ ಕೇಂದ್ರಗಳಲ್ಲಿದೆ. ಪುನರ್ವಸತಿಯ ಮೂಲ ಉದ್ದೇಶ ಹಕ್ಕಿಯನ್ನು ಗುಣಪಡಿಸಿ ಅದರ ನೆಲೆಗೆ ಮರಳಿ ಬಿಡುವುದು. ಕಾಯಂ ಆಗಿ ಇಟ್ಟುಕೊಳ್ಳುವುದು ಆ ಉದ್ದೇಶ ಈಡೇರದಿದ್ದಾಗ ಮಾತ್ರ ಬರುವ, ಅದೂ ಎಲ್ಲ ಹಕ್ಕಿಗಳಿಗೆ ಒಗ್ಗದ ದಾರಿ. ಇದು ಹೆಚ್ಚು ವ್ಯಾಪಕವಾಗಿ, ಸ್ಪಷ್ಟ ಕಾನೂನಿನ ಚೌಕಟ್ಟಿನೊಳಗೆ ಬೆಳೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಬಾಲ್ಡ್ ಈಗಲ್ ಎಂದು ಕರೆಯುವ ಬಿಳಿತಲೆ ಹದ್ದು ಮತ್ತು ಗೋಲ್ಡನ್ ಈಗಲ್ ಎಂಬ ಹೊಂಬಣ್ಣದ ಹದ್ದು ಇಂಥ ಕೇಂದ್ರಗಳ ಮುಖ್ಯ ನಿವಾಸಿಗಳು.

ಬಿಳಿತಲೆ ಹದ್ದು ಮೀನು ತಿಂದು ಬದುಕುವ ಕಡಲ ಹದ್ದುಗಳ ಗುಂಪಿಗೆ ಸೇರಿದ ಹಕ್ಕಿ. ಕರ್ನಾಟಕದ ಕರಾವಳಿಯಲ್ಲಿ ಕಾಣುವ, ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿ ಹೊಟ್ಟೆಯ ಕಡಲ ಹದ್ದು ಇದೇ ಗುಂಪಿನದು. ಬಿಚ್ಚಿದ ರೆಕ್ಕೆಗಳ ಅಗಲ 1.8ರಿಂದ 2.3 ಮೀಟರ್, ತೂಕ 3ರಿಂದ 6 ಕಿಲೋಗ್ರಾಂಗಿಂತ ತುಸು ಹೆಚ್ಚು. ಹೆಣ್ಣು ಗಂಡಿಗಿಂತ ದೊಡ್ಡದು. ತಲೆ ಮತ್ತು ಬಾಲ ಅಚ್ಚ ಬಿಳಿಯಾಗಲು ಸುಮಾರು ಐದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಮೈ ಬಹುಮಟ್ಟಿಗೆ ಕಂದು. 1782ರಿಂದ ಅಮೆರಿಕದ ರಾಷ್ಟ್ರಮುದ್ರೆಯಲ್ಲಿರುವ ಈ ಹಕ್ಕಿಯನ್ನು ರಾಷ್ಟ್ರಪಕ್ಷಿಯೆಂದು ಕಾನೂನಿನ ಮೂಲಕ ಘೋಷಿಸಿದ್ದು 2024ರ ಡಿಸೆಂಬರಿನಲ್ಲಿ. ಈ ನಡುವೆ ಅದು ಅಳಿವಿನ ಅಂಚನ್ನು ಮುಟ್ಟಿ ಬಂದಿದೆ. ಡಿಡಿಟಿ ಕೀಟನಾಶಕ ಮೀನುಗಳ ಮೂಲಕ ಹದ್ದುಗಳ ಮೈ ಸೇರಿ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿತು. ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ 1963ರಲ್ಲಿ ಲೆಕ್ಕಕ್ಕೆ ಸಿಕ್ಕ ಗೂಡು ಕಟ್ಟುವ ಜೋಡಿಗಳು 417 ಮಾತ್ರ. 1972ರಲ್ಲಿ ಡಿಡಿಟಿ ನಿಷೇಧವಾಯಿತು; 2007ರಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದ ಹದ್ದನ್ನು ಕೈಬಿಡಲಾಯಿತು. 2021ರಲ್ಲಿ ಅದೇ 48 ರಾಜ್ಯಗಳಲ್ಲಿ 3,16,700 ಹದ್ದುಗಳಿವೆಯೆಂದು ಸರ್ಕಾರ ಅಂದಾಜಿಸಿತು. ಸಂರಕ್ಷಣೆಯ ಚರಿತ್ರೆಯಲ್ಲಿ ಇಂಥ ಗೆಲುವುಗಳು ವಿರಳ. ಆದರೆ ಹಕ್ಕಿಗಳು ಹೆಚ್ಚಿದಷ್ಟೂ ಹೆದ್ದಾರಿಗೆ, ವಿದ್ಯುತ್ ತಂತಿಗೆ, ಬೇಟೆಗಾರರ ಸೀಸಕ್ಕೆ ಸಿಗುವ ಹಕ್ಕಿಗಳೂ ಹೆಚ್ಚುತ್ತವೆ. ಪುನರ್ವಸತಿ ಕೇಂದ್ರಗಳಿಗೆ ಬರುವ ಹದ್ದುಗಳ ಕಥೆ ಈ ಗೆಲುವಿನದೇ ಮುಂದಿನ ಅಧ್ಯಾಯ.

ಮನುಷ್ಯರ ನಡುವೆ ಬಾಳಿದ ಹದ್ದುಗಳು ಹಿಂದೆಯೂ ಇದ್ದವು. 1861ರಲ್ಲಿ ಓಜಿಬ್ವೆ ಜನರ ಕೈಯಿಂದ ಮಾರಾಟವಾಗಿ ಬಂದ ‘ಓಲ್ಡ್ ಏಬ್’ ಎಂಬ ಹದ್ದು ಅಂತರ್ಯುದ್ಧದಲ್ಲಿ ವಿಸ್ಕಾನ್ಸಿನ್‌ನ 8ನೇ ಪದಾತಿ ದಳದ ಜೊತೆ ಕದನಭೂಮಿಗೆ ಹೋಗಿ ದೇಶಕ್ಕೆಲ್ಲ ಪರಿಚಿತವಾಯಿತು. ಅದು 1881ರಲ್ಲಿ, ತಾನಿದ್ದ ರಾಜ್ಯ ಶಾಸನಭವನದಲ್ಲಿ ಹತ್ತಿದ ಬೆಂಕಿಯ ಹೊಗೆ ಕುಡಿದು ಸತ್ತಿತು. ಅದು ಸೈನ್ಯದ ಲಾಂಛನವಾಗಿ ಸಾಕಿದ ಹಕ್ಕಿ. ಗಾಯಗೊಂಡ ಹಕ್ಕಿಗೆ ವೈದ್ಯಕೀಯ ನೆರವು ಕೊಡುವ ವಿಚಾರ ಆಗ ಇರಲಿಲ್ಲ. 1940ರಲ್ಲಿ ಬಿಳಿತಲೆ ಹದ್ದಿನ ರಕ್ಷಣೆಗೆಂದೇ ಕಾಯ್ದೆ ಬಂತು, 1962ರಲ್ಲಿ ಹೊಂಬಣ್ಣದ ಹದ್ದನ್ನೂ ಅದಕ್ಕೆ ಸೇರಿಸಲಾಯಿತು. ಹದ್ದನ್ನು ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಉದುರಿದ ಒಂದು ಗರಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಬೇಟೆ ಹಕ್ಕಿಗಳ ಶಸ್ತ್ರಚಿಕಿತ್ಸೆ ಒಂದು ಶಾಸ್ತ್ರವಾಗಿ ಬೆಳೆಯತೊಡಗಿದ್ದು 1970ರ ದಶಕದಲ್ಲಿ. ಗ್ಯಾರಿ ಡ್ಯೂಕ್ ಮತ್ತು ಪ್ಯಾಟ್ರಿಕ್ ರೆಡಿಗ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಆರಂಭಿಸಿದ ರ‍್ಯಾಪ್ಟರ್ ಸೆಂಟರ್ ಈ ಕ್ಷೇತ್ರದ ದೊಡ್ಡ ಪಾಠಶಾಲೆಯಾಯಿತು. ಮಿಸೌರಿಯ ವರ್ಲ್ಡ್ ಬರ್ಡ್ ಸ್ಯಾಂಕ್ಚುಅರಿ 1977ರಲ್ಲೂ ಅಲಾಸ್ಕದ ಸಿಟ್ಕಾ ಊರಿನ ರ‍್ಯಾಪ್ಟರ್ ಸೆಂಟರ್ 1980ರಲ್ಲೂ ಹುಟ್ಟಿಕೊಂಡವು. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಅಲಾಸ್ಕದ ಕಡಲಿಗೆ ತೈಲ ಸೋರಿ ಸುಮಾರು 250 ಹದ್ದುಗಳು ಸತ್ತವೆಂಬ ಅಂದಾಜು ಹೊರಬಿದ್ದಾಗ ಇಂಥ ಆಸ್ಪತ್ರೆಗಳ ಅಗತ್ಯ ಎಲ್ಲರಿಗೂ ಮನದಟ್ಟಾಯಿತು.

ಹದ್ದುಗಳು ಕೇಂದ್ರಕ್ಕೆ ಬರುವ ಕಾರಣಗಳು

ಬಿರುಗಾಳಿಗೆ ಗೂಡಿನಿಂದ ಬಿದ್ದ ಮರಿಗಳು, ಗೂಡಿನ ನೆಲೆಗಾಗಿ ಕಾದಾಡಿ ಗಾಯಗೊಂಡ ಹಕ್ಕಿಗಳು ಇಲ್ಲವೆಂದಲ್ಲ. ಆದರೂ ಹೆಚ್ಚಿನ ಪ್ರಕರಣಗಳ ಹಿಂದೆ ಮನುಷ್ಯನ ಕೈ ಇದೆ. ಹದ್ದು ಬೇಟೆಗಾರ ಹಕ್ಕಿಯಾದರೂ ಸತ್ತ ಪ್ರಾಣಿಯನ್ನು ಬಿಡುವುದಿಲ್ಲ. ವಾಹನ ಬಡಿದು ಸತ್ತ ಜಿಂಕೆಯನ್ನು ರಸ್ತೆಯಲ್ಲಿ ಕಿತ್ತು ತಿನ್ನುತ್ತಾ, ಕುತ್ತಿಗೆಯ ಬುಡದ ಆಹಾರ ಚೀಲ ತುಂಬಿಸಿಕೊಂಡ ಹದ್ದಿಗೆ ಥಟ್ಟನೆ ಮೇಲೇಳಲು ಆಗುವುದಿಲ್ಲ; ಮುಂದಿನ ವಾಹನ ಅದನ್ನು ಬಡಿಯುತ್ತದೆ. ವಿದ್ಯುತ್ ಕಂಬದ ಮೇಲೆ ಕೂತು ರೆಕ್ಕೆ ಬಿಚ್ಚಿದಾಗ ಎರಡು ತಂತಿಗಳಿಗೆ ಒಟ್ಟಿಗೆ ರೆಕ್ಕೆ ತಗುಲಿದರೆ ಹಕ್ಕಿ ಸುಟ್ಟುಹೋಗುತ್ತದೆ. ಹದ್ದುಗಳಿರುವ ಪ್ರದೇಶದಲ್ಲಿ ತಂತಿಗಳ ನಡುವೆ ಅಡ್ಡಲಾಗಿ ಕನಿಷ್ಠ 60 ಅಂಗುಲ ಅಂತರವಿರಬೇಕೆಂದು ಅಮೆರಿಕದ ವಿದ್ಯುತ್ ಸಂಸ್ಥೆಗಳು ಮಾರ್ಗಸೂಚಿ ಮಾಡಿಕೊಂಡಿರುವುದು ಇದೇ ಕಾರಣಕ್ಕೆ. ಬದುಕಿ ಉಳಿದ ಹಕ್ಕಿಯಲ್ಲೂ ಸುಟ್ಟ ಅಂಗಾಂಶ ಕೆಲವು ದಿನಗಳ ನಂತರ ಕೊಳೆಯತೊಡಗುವುದುಂಟು. ಬಂದ ದಿನ ಸಣ್ಣದಾಗಿ ಕಂಡ ಗಾಯಕ್ಕೆ ವಾರದೊಳಗೆ ರೆಕ್ಕೆಯೇ ಬಲಿಯಾಗುತ್ತದೆ. ಇವುಗಳ ಜೊತೆಗೆ ಕಾನೂನುಬಾಹಿರವಾಗಿ ಹಾರಿಸಿದ ಗುಂಡು, ಬೇರೆ ಪ್ರಾಣಿಗಳಿಗೆಂದು ಒಡ್ಡಿದ ಉಕ್ಕಿನ ಬೋನು, ಮೀನುಗಾರರು ಬಿಟ್ಟುಹೋದ ಗಾಳದ ದಾರ, ದಯಾಮರಣದ ಚುಚ್ಚುಮದ್ದು ಕೊಟ್ಟ ನಂತರ ಹೂಳದೆ ಬಿಟ್ಟ ಜಾನುವಾರಿನ ಕಳೇಬರ ಕೂಡ ಹದ್ದುಗಳನ್ನು ಆಸ್ಪತ್ರೆಗೆ ತರುತ್ತವೆ.

ಎಲ್ಲಕ್ಕಿಂತ ಮೋಸದ್ದು ಸೀಸ. ಜಿಂಕೆಗೆ ಹೊಡೆದ ಸೀಸದ ಗುಂಡು ಒಳಗೆ ನೂರಾರು ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರ ಮಾಂಸ ಒಯ್ದು ಕರುಳನ್ನು ಕಾಡಿನಲ್ಲೇ ಬಿಡುತ್ತಾನೆ. ಚಳಿಗಾಲದಲ್ಲಿ ಹಸಿದ ಹದ್ದು ಅದನ್ನು ತಿನ್ನುತ್ತದೆ. ಹದ್ದಿನ ಜಠರದ ಆಮ್ಲ ಬಹಳ ತೀಕ್ಷ್ಣವಾದುದರಿಂದ ಸೀಸ ಕರಗಿ ರಕ್ತಕ್ಕಿಳಿಯುತ್ತದೆ. ಅಕ್ಕಿಕಾಳಿನಷ್ಟು ಚೂರು ಒಂದು ಹದ್ದನ್ನು ಕೊಲ್ಲಲು ಸಾಕು. ವಿಷವೇರಿದ ಹಕ್ಕಿ ರೆಕ್ಕೆ ಜೋತುಹಾಕಿಕೊಂಡು, ತಲೆ ತಗ್ಗಿಸಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತಾ ನೆಲದ ಮೇಲೆ ಕುಸಿದಿರುತ್ತದೆ, ಹಿಕ್ಕೆ ಹಸಿರಾಗಿರುತ್ತದೆ, ಕಣ್ಣು ಕಾಣದಾಗುವುದೂ ಉಂಟು. ರಕ್ತದಲ್ಲಿನ ಸೀಸವನ್ನು ಹಿಡಿದು ಮೂತ್ರಪಿಂಡದ ಮೂಲಕ ಹೊರಹಾಕುವ ಔಷಧಿಗಳಿವೆ. ಆದರೆ ನರಕ್ಕೂ ಹೃದಯದ ಸ್ನಾಯುವಿಗೂ ಆದ ಹಾನಿ ಸರಿಹೋಗದು. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಹೆಚ್ಚುಕಡಿಮೆ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ದೀರ್ಘಕಾಲದ ಸೀಸವಿಷ ಸೇರಿರುವುದನ್ನು ತೋರಿಸಿತು. ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಬಳಸುವುದನ್ನು ಅಮೆರಿಕ 1991ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ದೊಡ್ಡ ಪ್ರಾಣಿಗಳ ಬೇಟೆಗೆ ಅಂಥ ರಾಷ್ಟ್ರವ್ಯಾಪಿ ನಿಷೇಧವಿಲ್ಲ. ಕ್ಯಾಲಿಫೋರ್ನಿಯ ರಾಜ್ಯ 2019ರಿಂದ ಎಲ್ಲ ಬೇಟೆಗೂ ಸೀಸವನ್ನು ನಿಷೇಧಿಸಿದೆ. ತಾಮ್ರದ ಗುಂಡು ಅಂಗಡಿಯಲ್ಲಿ ಸಿಗುತ್ತದೆ, ಚೂರಾಗುವುದೂ ಕಡಿಮೆ. ಪರಿಹಾರ ಇಷ್ಟು ಸುಲಭವಾಗಿರುವಾಗ ಸೀಸ ಕಾಡಿನಲ್ಲಿ ಉಳಿದಿರುವುದಕ್ಕೆ ಒಪ್ಪತಕ್ಕ ಸಮರ್ಥನೆಯೇ ಇಲ್ಲ.

ಯಾವ ಹದ್ದು ಉಳಿಯುತ್ತದೆ

ಕೇಂದ್ರಕ್ಕೆ ಬಂದ ಹದ್ದಿನ ಮುಂದೆ ಇರುವುದು ಮೂರು ದಾರಿ: ಬಿಡುಗಡೆ, ಕಾಯಂ ಆಶ್ರಯ, ದಯಾಮರಣ. ಯಾವುದೆಂದು ತೀರ್ಮಾನಿಸುವುದು ರೆಕ್ಕೆಯ ರಚನೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ಭುಜದಿಂದ ಮೊಣಕೈವರೆಗಿನ ಮೂಳೆ ಪೊಳ್ಳು, ಅದು ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲದೊಡನೆ ಕೂಡಿಕೊಂಡಿದೆ. ಈ ಮೂಳೆ ಮುರಿದು ಚರ್ಮ ಹರಿದು ಹೊರಬಂದರೆ ಸೋಂಕು ನೇರವಾಗಿ ಉಸಿರಾಟದ ವ್ಯೂಹಕ್ಕೆ ಇಳಿಯಬಹುದು. ಮೂಳೆಯ ನಡುಭಾಗದ ಮುರಿತವನ್ನು ಲೋಹದ ಸಲಾಕೆ ತೂರಿಸಿ ಕೂಡಿಸಬಹುದು. ಕೀಲಿಗೆ ಅಂಟಿಕೊಂಡ ಮುರಿತ ಕೂಡಿದರೂ ಕೀಲು ಬಿಗಿದುಕೊಳ್ಳುತ್ತದೆ. ಭುಜಕ್ಕೂ ಮಣಿಕಟ್ಟಿಗೂ ನಡುವೆ ಚಾಚಿರುವ ತೆಳು ಚರ್ಮದ ಪಟ್ಟಿ ಕಟ್ಟಿನೊಳಗೆ ವಾರಗಟ್ಟಲೆ ಮಡಿಸಿಯೇ ಇದ್ದರೆ ಸಂಕುಚಿಸಿ ರೆಕ್ಕೆ ಪೂರ್ತಿ ಬಿಚ್ಚದಾಗುತ್ತದೆ. ಅದಕ್ಕಾಗಿ ಅರಿವಳಿಕೆ ಕೊಟ್ಟು ಆಗಾಗ ರೆಕ್ಕೆಯನ್ನು ಮೆಲ್ಲನೆ ಎಳೆದು ಚಾಚಿಸುವ ವ್ಯಾಯಾಮ ಮಾಡಿಸುತ್ತಾರೆ. ಗುಣವಾದ ಹದ್ದಿನ ಕಾಲಿಗೆ ಉದ್ದನೆಯ ದಾರ ಕಟ್ಟಿ ಬಯಲಿನಲ್ಲಿ ಹಾರಿಸಿ ನೋಡುತ್ತಾರೆ. ಹಾರಿದರಷ್ಟೇ ಸಾಲದು. ಎರಡು ರೆಕ್ಕೆಯೂ ಸಮನಾಗಿ ಬಡಿಯುತ್ತಿವೆಯೇ, ತಿರುಗುವಾಗ ಒಂದು ಬದಿಗೆ ವಾಲುತ್ತದೆಯೇ, ಮೇಲಕ್ಕೇರುವಾಗ ಬಾಯಿ ತೆರೆದು ದಣಿಯುತ್ತದೆಯೇ ಎಂದು ಗಮನಿಸುತ್ತಾರೆ. ನೀರಿನ ಮೇಲೆ ಎರಗಿ ಒದ್ದಾಡುವ ಮೀನನ್ನು ಎತ್ತಿಕೊಂಡು ಹೋಗಲಾರದ ಹದ್ದು ಕಾಡಿನಲ್ಲಿ ಉಪವಾಸ ಸಾಯುತ್ತದೆ.

ಅಮೆರಿಕದ ಫೆಡರಲ್ ನಿಯಮದಂತೆ ಪುನರ್ವಸತಿ ಪರವಾನಗಿ ಇರುವವರು ಒಂದು ಹಕ್ಕಿಯನ್ನು ಚಿಕಿತ್ಸೆಗೆಂದು 180 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ತಾನಾಗಿ ತಿನ್ನಲಾರದ, ನೆಟ್ಟಗೆ ಕೂರಲಾರದ, ಇನ್ನಷ್ಟು ಗಾಯ ಮಾಡಿಕೊಳ್ಳದೆ ಓಡಾಡಲಾರದ ಹಕ್ಕಿಗೆ ದಯಾಮರಣ ಕೊಡಬೇಕು. ಎರಡೂ ಕಣ್ಣು ಹೋದ ಹಕ್ಕಿಗೂ, ಕಾಲು, ಪಾದ ಅಥವಾ ಮೊಣಕೈ ಕೀಲಿನಿಂದ ಮೇಲಕ್ಕೆ ರೆಕ್ಕೆ ಕತ್ತರಿಸಬೇಕಾದ ಹಕ್ಕಿಗೂ ಸಾಮಾನ್ಯವಾಗಿ ಇದೇ ನಿಯಮ. ಹೊರಗಿನವರಿಗೆ ಇದು ನಿರ್ದಯವೆನಿಸಬಹುದು. ಆದರೆ ಒಂದೇ ಕಾಲಿನ ಮೇಲೆ ನಾಲ್ಕೈದು ಕಿಲೋ ಭಾರ ಹೊತ್ತು ಹಗಲಿರುಳು ಕೂತ ಹದ್ದಿನ ಆ ಪಾದವೂ ಹುಣ್ಣಾಗಿ ಕೊಳೆಯುವುದನ್ನು ಕಂಡ ವೈದ್ಯರು ಈ ನಿಯಮವನ್ನು ಒಪ್ಪುತ್ತಾರೆ. ದೇಹದಷ್ಟೇ ಮುಖ್ಯ ಸ್ವಭಾವ. ವರ್ಷಗಟ್ಟಲೆ ಆಕಾಶದಲ್ಲಿ ಬಾಳಿದ ಪ್ರಾಯದ ಹದ್ದು ಮನುಷ್ಯನ ಸುಳಿವಿಗೇ ಬೆದರಿ ಗೋಡೆಗೆ ಅಪ್ಪಳಿಸಿಕೊಳ್ಳುತ್ತಲೇ ಇರಬಹುದು. ಎಳೆಯ ವಯಸ್ಸಿನಲ್ಲಿ ಬಂದದ್ದು ಬೇಗ ಹೊಂದಿಕೊಳ್ಳಬಹುದು. ಹೊಂದಿಕೊಳ್ಳಲಾರದ ಹಕ್ಕಿಯನ್ನು ಬದುಕಿಸಿಡುವುದು ಕರುಣೆಯಲ್ಲ.

ಮೈಯಲ್ಲಿ ಯಾವ ಊನವೂ ಇಲ್ಲದೆ ಕಾಯಂ ನಿವಾಸಿಗಳಾಗುವ ಹದ್ದುಗಳೂ ಇವೆ. ಮೊದಲ ಕೆಲವು ವಾರಗಳಲ್ಲಿ ಉಣಿಸುವವರು ಯಾರೋ ಅವರನ್ನೇ ಮರಿ ತನ್ನ ಜಾತಿಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಸಿಕೊಳ್ಳುತ್ತದೆ. 1989ರಲ್ಲಿ ಲೂಸಿಯಾನದಲ್ಲಿ ಬಿರುಗಾಳಿಗೆ ಗೂಡಿನಿಂದ ಬಿದ್ದ ಗಂಡು ಮರಿಯೊಂದನ್ನು ಒಳ್ಳೆಯ ಮನಸ್ಸಿನ ಜನರು ಕೈಯಾರೆ ಉಣಿಸಿ ಬೆಳೆಸಿದರು. ಬಿಡುಗಡೆ ಮಾಡಿದರೂ ಅದು ಆಹಾರಕ್ಕಾಗಿ ಮತ್ತೆ ಮನುಷ್ಯರನ್ನೇ ಹುಡುಕಿಕೊಂಡು ಬಂತು. ಕೊನೆಗೆ ಟೆನೆಸಿಯ ಅಮೆರಿಕನ್ ಈಗಲ್ ಫೌಂಡೇಶನ್ ಸೇರಿದ ಆ ಹದ್ದಿಗೆ ಚಾಲೆಂಜರ್ ಎಂಬ ಹೆಸರಾಯಿತು. ರಾಷ್ಟ್ರಗೀತೆ ಹಾಡುವಾಗ ತುಂಬಿದ ಕ್ರೀಡಾಂಗಣದಲ್ಲಿ ಸ್ವತಂತ್ರವಾಗಿ ಹಾರಿ ತರಬೇತುದಾರರ ಕೈಗೆ ಬಂದಿಳಿಯುವ ಹದ್ದೆಂದು ಅದು ದೇಶವಿಡೀ ಪ್ರಸಿದ್ಧವಾಯಿತು. ಇಂಥ ತಪ್ಪು ಮರುಕಳಿಸದಿರಲೆಂದು ಈಗ ಅನಾಥ ಮರಿಗಳಿಗೆ ಹದ್ದಿನ ತಲೆಯಾಕಾರದ ಕೈಗೊಂಬೆಯ ಕೊಕ್ಕಿನಿಂದ ಉಣಿಸುತ್ತಾರೆ. ಉಣಿಸುವವರ ಮುಖ, ದನಿ ಮರಿಗೆ ತಿಳಿಯದಂತೆ ಮರೆಮಾಡುತ್ತಾರೆ.

ವಸತಿ ಮತ್ತು ಆರೈಕೆ

ಹಾರಲಾಗದ ಹದ್ದಿನ ಮನೆಯಲ್ಲಿ ಕೂರುವ ಕೊಂಬೆಗಳು ನೆಲಕ್ಕೆ ಹತ್ತಿರವಾಗಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಇಳಿಜಾರು ಹಲಗೆಗಳಿರುತ್ತವೆ. ಎತ್ತರದಿಂದ ಜಿಗಿದರೆ ರೆಕ್ಕೆಯ ಆಸರೆಯಿಲ್ಲದೆ ನೆಲಕ್ಕೆ ಬಡಿದು ಎದೆಮೂಳೆ ಮುಂದಿನ ಚರ್ಮ ಸೀಳುತ್ತದೆ. ಗೋಡೆಗೆ ತಂತಿಬಲೆಯ ಬದಲು ನೆಟ್ಟಗೆ ನಿಲ್ಲಿಸಿದ ಪಟ್ಟಿಗಳನ್ನು ಬಳಸುತ್ತಾರೆ, ಬಲೆಗೆ ಸಿಕ್ಕಿ ಗರಿ ಮುರಿಯಬಾರದೆಂದು. ಕೊಂಬೆಗಳಿಗೆ ಒರಟು ಕೃತಕ ಹುಲ್ಲುಹಾಸು ಸುತ್ತುತ್ತಾರೆ. ನುಣುಪಾದ ಒಂದೇ ದಪ್ಪದ ಕೊಂಬೆಯ ಮೇಲೆ ದಿನವಿಡೀ ಕೂತರೆ ಅಂಗಾಲಿನ ಒಂದೇ ಜಾಗಕ್ಕೆ ಭಾರ ಬಿದ್ದು ಚರ್ಮ ಮೊದಲು ನಯವಾಗಿ, ಕೆಂಪಾಗಿ, ಬಳಿಕ ಬಿರಿದು ಕೀವು ತುಂಬುತ್ತದೆ. ಕಾಡಿನಲ್ಲಿ ಅಪರೂಪವಾದ ಈ ಪಾದದ ಹುಣ್ಣು ಸೆರೆಯಲ್ಲಿರುವ ಹದ್ದುಗಳ ಬಹುದೊಡ್ಡ ಕಾಟ. ಆದ್ದರಿಂದಲೇ ಅನುಭವಿ ಆರೈಕೆಗಾರರು ಬೆಳಗ್ಗೆ ಮೊದಲು ನೋಡುವುದು ಹಕ್ಕಿಯ ಪಾದವನ್ನು.

ಹದ್ದಿಗೆ ದಿನಕ್ಕೆ ಸುಮಾರು ಕಾಲಿನಿಂದ ಅರ್ಧ ಕಿಲೋ ಆಹಾರ ಸಾಕು. ಮೀನು, ಇಲಿ, ಮೊಲ, ಲಾವಕ್ಕಿ ಇತ್ಯಾದಿಗಳನ್ನು ಎಲುಬು, ತುಪ್ಪಳ, ಪುಕ್ಕದ ಸಮೇತ ಕೊಡುತ್ತಾರೆ. ಜೀರ್ಣವಾಗದ ತುಪ್ಪಳ, ಪುಕ್ಕಗಳನ್ನು ಹದ್ದು ಉಂಡೆಯಾಗಿಸಿ ಬಾಯಿಂದ ಹೊರಹಾಕುತ್ತದೆ. ಆ ಉಂಡೆ ಬಂದಿದೆಯೇ, ಹೇಗಿದೆ ಎಂಬುದು ಆರೋಗ್ಯದ ಸೂಚನೆ. ಹೆಪ್ಪುಗಟ್ಟಿಸಿಟ್ಟ ಮೀನಿನಲ್ಲಿ ಬಿ1 ಜೀವಸತ್ವ ನಶಿಸುವುದರಿಂದ ಅದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಬೇಟೆಯ ಮೂಳೆಯ ಮೇಲೆ, ಕಲ್ಲುಬಂಡೆಯ ಮೇಲೆ ತಿಕ್ಕಿ ಸವೆಯಬೇಕಾದ ಕೊಕ್ಕು, ಉಗುರುಗಳು ಇಲ್ಲಿ ಬೆಳೆಯುತ್ತಲೇ ಹೋಗುವುದರಿಂದ ಹಕ್ಕಿಯ ತಲೆಗೆ ಮುಸುಕು ಹಾಕಿ, ಸಣ್ಣ ವಿದ್ಯುತ್ ಅರದಿಂದ ತೇಯ್ದು ಆಕಾರಕ್ಕೆ ತರುತ್ತಾರೆ. ವಾರಕ್ಕೊಮ್ಮೆಯಾದರೂ ತೂಗುತ್ತಾರೆ. ನೋವನ್ನು ಮುಚ್ಚಿಡುವುದು ಬೇಟೆ ಹಕ್ಕಿಯ ಸ್ವಭಾವ. ಹೊರಗೆ ಏನೂ ತೋರದಿದ್ದಾಗಲೂ ತೂಕ ಇಳಿದಿದ್ದರೆ ಒಳಗೆ ಏನೋ ಆಗಿದೆಯೆಂದೇ ತಿಳಿಯಬೇಕು.

ಕೈಯ ಮೇಲೆ ಕೂರಿಸಿ ಜನರ ಮುಂದೆ ತರುವ ಹದ್ದಿಗೆ ಕಾಲಿನ ಸುತ್ತ ಮೆದು ಚರ್ಮದ ಪಟ್ಟಿ, ಅದರಿಂದ ಇಳಿಬಿಟ್ಟ ಬಾರು ಇರುತ್ತದೆ. ಹಿಡಿಯುವವರ ಎಡಗೈಗೆ ಮೊಣಕೈವರೆಗೂ ದಪ್ಪ ಚರ್ಮದ ಕೈಗವಸು. ಗವಸಿನ ಮೇಲೆ ಹತ್ತಿದರೆ ಮಾಂಸದ ತುಣುಕು ಸಿಗುತ್ತದೆಂದು ಹಕ್ಕಿಗೆ ತಿಳಿಸಿ, ಬಾರದಿದ್ದರೆ ಬಲವಂತ ಮಾಡದೆ ಬಿಡುವುದು ಈಗ ಒಪ್ಪಿತವಾದ ಪದ್ಧತಿ. ಹಿಂದೆ ಬಲವಂತವೇ ರೂಢಿಯಲ್ಲಿತ್ತು.

ಸೆರೆಯಲ್ಲಿ ಬೆದರಿ ಸೊರಗಿದ ಹದ್ದನ್ನು ಶಿಲೀಂಧ್ರದಿಂದ ಬರುವ ಶ್ವಾಸಕೋಶದ ರೋಗ ಬೇಗ ಹಿಡಿಯುತ್ತದೆ. 1999ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ವೆಸ್ಟ್ ನೈಲ್ ವೈರಸ್ ಸೊಳ್ಳೆಗಳ ಮೂಲಕ ಹರಡುತ್ತದೆ. 2022ರಿಂದ ಹಕ್ಕಿಜ್ವರ ಕಾಡು ಹದ್ದುಗಳನ್ನು ಕೊಲ್ಲತೊಡಗಿದ ಮೇಲೆ, ಹೊಸದಾಗಿ ಬಂದ ಹಕ್ಕಿಯನ್ನು ಹಳೆಯ ನಿವಾಸಿಗಳಿಂದ ಪ್ರತ್ಯೇಕವಾಗಿಟ್ಟು ಪರೀಕ್ಷಿಸುವುದು ಅನಿವಾರ್ಯವಾಗಿದೆ. ಇಷ್ಟಾದರೂ ಆಹಾರ, ಔಷಧಿ ತಪ್ಪದೆ ಸಿಗುವುದರಿಂದ ಈ ಹಕ್ಕಿಗಳಿಗೆ ಆಯುಷ್ಯ ಹೆಚ್ಚು. ಕಾಡಿನಲ್ಲಿ ಇಪ್ಪತ್ತು ವರ್ಷ ದಾಟುವುದೇ ದೊಡ್ಡದು. ಉಂಗುರ ತೊಡಿಸಿದ ಹದ್ದೊಂದು 38 ವರ್ಷ ಬದುಕಿ 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ವಾಹನಕ್ಕೆ ಸಿಕ್ಕಿ ಸತ್ತದ್ದು ಕಾಡಿನ ದಾಖಲೆ. ಕೇಂದ್ರಗಳಲ್ಲಿ ಮೂವತ್ತು ದಾಟಿದ ಹದ್ದುಗಳು ಹಲವು. ಅಂದರೆ ಒಂದು ಹದ್ದನ್ನು ಇಟ್ಟುಕೊಳ್ಳುವ ಸಂಸ್ಥೆ ಎರಡು ಮೂರು ದಶಕಗಳ ಖರ್ಚಿಗೂ ದುಡಿಮೆಗೂ ಒಪ್ಪಿಕೊಂಡಂತೆ.

ನಿವಾಸಿ ಹದ್ದುಗಳಿಂದ ಆಗುವ ಕೆಲಸ

ಚಿಕಿತ್ಸೆಯಲ್ಲಿರುವ ಹಕ್ಕಿಯನ್ನು ಜನರಿಗೆ ತೋರಿಸುವಂತಿಲ್ಲ. ಮರಳಿ ಬಿಡಲಾಗದೆಂದು ತೀರ್ಮಾನವಾದ ಹದ್ದನ್ನು ಮಾತ್ರ, ಪ್ರದರ್ಶನಕ್ಕೆಂದು ಬೇರೆಯೇ ಪರವಾನಗಿ ಪಡೆದು, ಶಿಕ್ಷಣಕ್ಕಾಗಿ ಬಳಸಬಹುದು. ಕೊಳ್ಳುವುದಕ್ಕೂ ಮಾರುವುದಕ್ಕೂ ಅವಕಾಶವಿಲ್ಲ. ಮಿನೆಸೋಟದ ವಬಾಶಾ ಊರಿನ ನ್ಯಾಷನಲ್ ಈಗಲ್ ಸೆಂಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಚಿಪ್ಪೆವಾ ನದಿ ಬಂದು ಸೇರುವಲ್ಲಿಂದ ಕೆಳಗೆ ಮಿಸಿಸಿಪ್ಪಿ ನದಿ ಕಡುಚಳಿಯಲ್ಲೂ ಹೆಪ್ಪುಗಟ್ಟದಿರುವುದರಿಂದ ಮೀನಿಗಾಗಿ ಕಾಡು ಹದ್ದುಗಳು ಗುಂಪುಗೂಡುತ್ತವೆ. ಅವನ್ನು ನೋಡಲು ಬರುವವರಿಗೆ ಊರಿನ ಸ್ವಯಂಸೇವಕರು 1989ರಲ್ಲಿ ದೂರದರ್ಶಕ ಹಿಡಿದು ನಿಂತು ವಿವರಿಸತೊಡಗಿದ್ದು ಮುಂದೆ ಸಂಸ್ಥೆಯಾಗಿ ಬೆಳೆಯಿತು. 1998ರಲ್ಲಿ ವಾಹನ ಬಡಿದು ರೆಕ್ಕೆಗೆ ಪೆಟ್ಟಾದ ಹ್ಯಾರಿಯೆಟ್ ಎಂಬ ಹೆಣ್ಣು ಹದ್ದು ಇಲ್ಲಿ ಬಹುಕಾಲ ಜನರ ಮುಂದೆ ಬಂದು, 35ನೇ ವಯಸ್ಸಿನಲ್ಲಿ ತೀರಿಕೊಂಡಿತು. ನಾಲ್ಕಡಿ ದೂರದಲ್ಲಿ ಕೂತ ಹದ್ದಿನ ಹಳದಿ ಕಣ್ಣನ್ನೂ, ಮಡಿಸಲಾಗದೆ ಜೋತ ರೆಕ್ಕೆಯನ್ನೂ ಒಟ್ಟಿಗೆ ನೋಡಿದ ಮಗುವಿಗೆ ರಸ್ತೆ, ಸೀಸ, ತಂತಿಗಳ ವಿಷಯವನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗುವುದಿಲ್ಲ.

ಅನಾಥ ಮರಿಗಳನ್ನು ಬೆಳೆಸುವುದು ಇನ್ನೊಂದು ಕೆಲಸ, ಬಹುಶಃ ಎಲ್ಲಕ್ಕಿಂತ ಅರ್ಥಪೂರ್ಣವಾದದ್ದು. ಮಿಸೌರಿಯ ವರ್ಲ್ಡ್ ಬರ್ಡ್ ಸ್ಯಾಂಕ್ಚುಅರಿಯಲ್ಲಿದ್ದ ಮರ್ಫಿ ಹಾರಲಾಗದ ಗಂಡು ಹದ್ದು. 2023ರ ಮಾರ್ಚಿನಲ್ಲಿ, ಅದಕ್ಕೆ 31 ವರ್ಷವಾಗಿದ್ದಾಗ, ನೆಲದ ಮೇಲೆ ಗೂಡು ಮಾಡಿಕೊಂಡು ಒಂದು ಕಲ್ಲಿನ ಮೇಲೆ ಕಾವು ಕೂತಿತು. ಬಿಳಿತಲೆ ಹದ್ದುಗಳಲ್ಲಿ ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಸುಮಾರು 35 ದಿನ ಕಾವು ಕೊಡುತ್ತವೆ. ಮರ್ಫಿ ತನ್ನ ಕಲ್ಲಿನ ಬಳಿಗೆ ಬಂದ ಇತರ ಹದ್ದುಗಳನ್ನು ಕೂಗಿ ಅಟ್ಟುತ್ತಿತ್ತು. ನೆಲಕ್ಕೆ ಕವುಚಿಕೊಂಡ ಹದ್ದನ್ನು ಕಂಡು ಜನರು ಗಾಬರಿಯಾದದ್ದರಿಂದ, ಅದಕ್ಕೆ ಕಾಯಿಲೆಯೇನೂ ಇಲ್ಲ, ಕಲ್ಲಿಗೆ ಕಾವು ಕೊಡುತ್ತಿದೆ ಎಂದು ಸಿಬ್ಬಂದಿ ಫಲಕ ಹಾಕಬೇಕಾಯಿತು. ಏಪ್ರಿಲಿನಲ್ಲಿ ಗಾಳಿಗೆ ಗೂಡು ಉರುಳಿ ಅನಾಥವಾದ ಮರಿಯೊಂದು ಕೇಂದ್ರಕ್ಕೆ ಬಂತು. ಕಲ್ಲನ್ನು ತೆಗೆದು, ಮರಿಯನ್ನು ಮೊದಲು ಸಣ್ಣ ಪಂಜರದಲ್ಲಿಟ್ಟು ಮರ್ಫಿಗೆ ತೋರಿಸಿದರು, ಅದು ಕೆರಳಲಿಲ್ಲ. ಪಂಜರ ತೆಗೆದ ಮೇಲೆ, ಸಿಬ್ಬಂದಿ ಮರಿಗೆಂದು ಕತ್ತರಿಸಿಟ್ಟ ಮಾಂಸವಿದ್ದರೂ, ಮರ್ಫಿ ತನ್ನ ಪಾಲಿನ ಇಡೀ ಮೀನನ್ನು ಸಿಗಿದು ಮರಿಯ ಬಾಯಿಗೆ ಇಟ್ಟಿತು. ಆ ಮರಿ ಅದೇ ಬೇಸಿಗೆಯಲ್ಲಿ ಕಾಡು ಸೇರಿತು. 2024ರಲ್ಲಿ ಇನ್ನೊಂದು ಮರಿಯೂ ಮರ್ಫಿಯ ಆಸರೆಯಲ್ಲಿ ಬೆಳೆದು ಬಿಡುಗಡೆಯಾಯಿತು. 2025ರ ಮಾರ್ಚಿನಲ್ಲಿ ಮಿಸೌರಿಯ ಮೇಲೆ ಎರಗಿದ ಬಿರುಗಾಳಿಯ ರಾತ್ರಿ ತಲೆಗೆ ಪೆಟ್ಟಾಗಿ ಮರ್ಫಿ ಸತ್ತಿತು. ಮನುಷ್ಯರು ಎಷ್ಟೇ ಎಚ್ಚರದಿಂದ ಉಣಿಸಿದರೂ ಹದ್ದಿನ ಮರಿಗೆ ಹದ್ದಾಗಿ ಬಾಳುವುದನ್ನು ಕಲಿಸಲಾರರು. ಹಾರಲಾರದ ಈ ಹಕ್ಕಿ ಅದನ್ನು ಎರಡು ಮರಿಗಳಿಗೆ ಕಲಿಸಿತು.

ನಿವಾಸಿ ಹದ್ದುಗಳಿಂದ ಉದುರುವ ಗರಿಗಳಿಗೂ ಬೆಲೆಯುಂಟು. ಹದ್ದಿನ ಮೈಮೇಲೆ ಸುಮಾರು 7,000 ಗರಿಗಳಿದ್ದು ಹಂತಹಂತವಾಗಿ ಉದುರಿ ಹೊಸದು ಬರುತ್ತವೆ. ಗುಣವಾಗಿದ್ದರೂ ರೆಕ್ಕೆಯ ಗರಿಗಳು ಮುರಿದು ಹಾರಲಾಗದ ಹದ್ದಿಗೆ, ಮುರಿದ ಗರಿಯ ಟೊಳ್ಳು ದಂಟಿನೊಳಗೆ ಬಿದಿರಿನ ಸಣ್ಣ ಕಡ್ಡಿ ತೂರಿಸಿ, ಅದಕ್ಕೆ ಅಳತೆ ಹೊಂದುವ ಇನ್ನೊಂದು ಹದ್ದಿನ ಉದುರಿದ ಗರಿಯನ್ನು ಅಂಟಿಸಿ ಕೂಡಿಸುತ್ತಾರೆ. ಹೊಸ ಗರಿ ಹುಟ್ಟಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಹಕ್ಕಿ ಬೇಗನೆ ಬಿಡುಗಡೆಯಾಗುತ್ತದೆ. ಇನ್ನು ಅಮೆರಿಕದ ಮೂಲನಿವಾಸಿಗಳಿಗೆ ಹದ್ದಿನ ಗರಿ ಪವಿತ್ರ. ಪೂಜೆ, ಕುಣಿತ, ನಾಮಕರಣ, ಅಂತ್ಯಕ್ರಿಯೆಗಳಿಗೆ ಬೇಕೇ ಬೇಕು. ಸತ್ತ ಹದ್ದುಗಳ ಕಳೇಬರ ಮತ್ತು ಗರಿಗಳು ಕೊಲರಾಡೊದ ಡೆನ್ವರ್ ಬಳಿಯ ನ್ಯಾಷನಲ್ ಈಗಲ್ ರೆಪಾಸಿಟರಿಗೆ ಹೋಗಿ, ಅಲ್ಲಿಂದ ಮಾನ್ಯತೆ ಪಡೆದ ಬುಡಕಟ್ಟುಗಳ ಸದಸ್ಯರಿಗೆ ಸರದಿಯಂತೆ ಹಂಚಿಕೆಯಾಗುತ್ತವೆ. ಕಾಯುವ ಅವಧಿ ಕೆಲವೊಮ್ಮೆ ವರ್ಷಗಟ್ಟಲೆ. ನ್ಯೂ ಮೆಕ್ಸಿಕೊದ ಝೂನಿ ಜನರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಕಾಡಿಗೆ ಮರಳಲಾಗದ ಹದ್ದುಗಳನ್ನು ತಮ್ಮ ನೆಲದಲ್ಲೇ ಸಾಕಿ, ತಾವಾಗಿ ಉದುರಿದ ಗರಿಗಳನ್ನು ಸಮುದಾಯಕ್ಕೆ ಹಂಚುವ ಪಕ್ಷಿಧಾಮವನ್ನು 1999ರಲ್ಲಿ ತೆರೆದರು. ಒಕ್ಲಹೋಮದ ಅಯೋವಾ ಬುಡಕಟ್ಟು 2006ರಲ್ಲಿ ಗ್ರೇ ಸ್ನೋ ಈಗಲ್ ಹೌಸ್ ಎಂಬ ಕೇಂದ್ರ ಸ್ಥಾಪಿಸಿ ಗಾಯಗೊಂಡ ಹದ್ದುಗಳ ಚಿಕಿತ್ಸೆಯನ್ನೂ ಕೈಗೊಂಡಿತು. ಹಕ್ಕಿಯನ್ನು ಪೂಜ್ಯವೆಂದು ಭಾವಿಸುವ ಜನರೇ ಅದರ ಆರೈಕೆಗೆ ನಿಂತ ಈ ಏರ್ಪಾಡು ಬೇರೆಡೆಗೂ ಮಾದರಿಯಾಗಬಲ್ಲದು.

ಬೇರೆ ದೇಶಗಳಲ್ಲಿ

ಜಪಾನಿನ ಹೊಕ್ಕೈಡೊ ದ್ವೀಪಕ್ಕೆ ಚಳಿಗಾಲ ಕಳೆಯಲು ಬರುವ ಸ್ಟೆಲ್ಲರ್ ಕಡಲ ಹದ್ದುಗಳು ಸೀಸದ ಗುಂಡಿನಿಂದ ಸತ್ತ ಜಿಂಕೆಗಳನ್ನು ತಿಂದು ಸಾಯತೊಡಗಿದಾಗ, ಕುಶಿರೋ ನಗರದ ಪಶುವೈದ್ಯ ಕೈಸುಕೆ ಸೈಟೊ ಅವುಗಳ ಚಿಕಿತ್ಸೆಗೂ ಸೀಸದ ವಿರುದ್ಧದ ಜಾಗೃತಿಗೂ ದುಡಿದರು. ವಿದ್ಯುತ್ ಕಂಬಗಳ ಮೇಲೆ ಹದ್ದು ಕೂರದಂತೆ ಮಾಡುವ ಸಾಧನಗಳನ್ನು ಅಲ್ಲಿ ಮೊದಲು ಕಾಯಂ ನಿವಾಸಿ ಹದ್ದುಗಳ ಪಂಜರದಲ್ಲಿಟ್ಟು ಪರೀಕ್ಷಿಸುತ್ತಾರೆ. ಫಿಲಿಪ್ಪೀನ್ಸ್‌ನ ದಾವಾವೊ ನಗರದ ಬಳಿಯ ಕೇಂದ್ರದಲ್ಲಿ, ಗುಂಡೇಟು ತಿಂದು ಬಂದು ಮರಳಿ ಬಿಡಲಾಗದ ಫಿಲಿಪ್ಪೀನ್ ಹದ್ದುಗಳಿಗೆ ಬೇರೆಯೇ ಮಹತ್ವವಿದೆ. ಆ ಜಾತಿಯ ಕೆಲವೇ ನೂರು ಜೋಡಿಗಳು ಕಾಡಿನಲ್ಲಿ ಉಳಿದಿರುವುದರಿಂದ ಗಾಯಗೊಂಡ ಹಕ್ಕಿಯೂ ವಂಶ ಬೆಳೆಸಲು ಬೇಕು. ಅಲ್ಲಿ 1992ರ ಜನವರಿಯಲ್ಲಿ ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಪಗ್-ಅಸ, ಸೆರೆಯಲ್ಲಿ ಮರಿಯಾದ ಮೊದಲ ಫಿಲಿಪ್ಪೀನ್ ಹದ್ದು. ಅದು 2021ರಲ್ಲಿ ತೀರಿಕೊಂಡಿತು.

ಭಾರತದ ನಗರಗಳಲ್ಲಿ ಗಾಯಗೊಂಡು ಬರುವ ಬೇಟೆ ಹಕ್ಕಿಗಳಲ್ಲಿ ಬಹುಪಾಲು ಕರಿ ಹದ್ದುಗಳು. ಗಾಳಿಪಟದ ಗಾಜಿನ ಪುಡಿ ಸವರಿದ ಮಾಂಜಾ ದಾರ ಹಾರುವ ಹದ್ದಿನ ರೆಕ್ಕೆಯ ಚರ್ಮ, ಸ್ನಾಯುಗಳನ್ನು ಮೂಳೆಯವರೆಗೂ ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದರೂ ಮಾರಾಟ ನಿಂತಿಲ್ಲ. ದೆಹಲಿಯ ವಜೀರಾಬಾದಿನಲ್ಲಿ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರು ಮನೆಯ ನೆಲಮಾಳಿಗೆಯಲ್ಲಿ ಸಾವಿರಾರು ಹದ್ದುಗಳಿಗೆ ಚಿಕಿತ್ಸೆ ಕೊಟ್ಟಿದ್ದಾರೆ. ಅವರ ಬದುಕನ್ನು ಕುರಿತು ಶೌನಕ್ ಸೇನ್ ನಿರ್ದೇಶಿಸಿದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ 2022ರಲ್ಲಿ ಸನ್‌ಡಾನ್ಸ್ ಮತ್ತು ಕಾನ್ ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆಯಿತು. ಬೆಂಗಳೂರಿನಲ್ಲಿ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇಂಥ ಹದ್ದು, ಗರುಡಗಳನ್ನು ದಾಖಲಿಸಿಕೊಳ್ಳುತ್ತದೆ.

ಹದ್ದು, ಗಿಡುಗ, ಗರುಡಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಗಾಯಗೊಂಡ ಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಹಕ್ಕಿಯ ಮೂಳೆ ಎರಡು ಮೂರು ವಾರಗಳಲ್ಲೇ ಕೂಡತೊಡಗುತ್ತದೆ. ಅಷ್ಟರೊಳಗೆ ವೈದ್ಯರಿಗೆ ಸಿಗದಿದ್ದರೆ ತಪ್ಪು ಕೋನದಲ್ಲಿ ಕೂಡಿ, ಹಾರಬಹುದಾಗಿದ್ದ ಹದ್ದು ಹಾರದ ಹದ್ದಾಗುತ್ತದೆ. ಆದ್ದರಿಂದ ಬಿದ್ದ ಹದ್ದನ್ನು ಕಂಡವರು ಮಾಂಜಾ ಎಳೆದು ಕೀಳದೆ, ಬಾಯಿಗೆ ನೀರಾಗಲಿ ಅನ್ನವಾಗಲಿ ತುರುಕದೆ, ದಪ್ಪ ಬಟ್ಟೆ ಹೊದಿಸಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಟ್ಟು, ಅದೇ ದಿನ ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ಆಸ್ಪತ್ರೆಗೋ ಒಪ್ಪಿಸಬೇಕು.